ಘಾಟಿ ಬಂದ್, ಸೇತುವೆ ಗಿಡ್ಡ: ಮಲೆನಾಡಿಗೆ ಲೋಡ್ ತರುವ ಡ್ರೈವರ್‌ಗಳಿಗೆ

ಮಳೆಗಾಲದಲ್ಲಿ ನಮ್ಮ ಆಫೀಸಿನ ಫೋನಿಗೆ ರಾತ್ರಿ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. "ಅಣ್ಣಾ, ಮುಂದೆ ರೋಡ್ ಬಂದ್. ತಿರುಗಿಸೋಕೆ ಜಾಗ ಇಲ್ಲ." ಇದರಲ್ಲಿ ಮೊದಲನೇ ಮಾತಿಗೆ ನನ್ನ ಹತ್ತಿರ ಏನಾದರೂ ಉತ್ತರ ಇರುತ್ತದೆ. ಎರಡನೇ ಮಾತಿಗೆ ಇರುವುದಿಲ್ಲ. ಜೆಸಿಬಿ ಬರಬೇಕು, ಇಲ್ಲ ಬೆಳಗಾಗಬೇಕು.

ನಾನು ಲಾರಿ ಓಡಿಸಿಕೊಂಡಿದ್ದವನು. ಮಂಡಿ ನೋವು ಜಾಸ್ತಿಯಾದ ಮೇಲೆ ಸ್ಟೇರಿಂಗ್ ಬಿಟ್ಟು ಶಿವಮೊಗ್ಗದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತಿದ್ದೇನೆ. ಗಾಡಿ ಎಲ್ಲಿದೆ, ಯಾವ ದಾರಿ ತೆರೆದಿದೆ ಎಂದು ನೋಡಿ ಹುಡುಗರಿಗೆ ಹೇಳುವುದು ನನ್ನ ಕೆಲಸ. ಬಯಲುಸೀಮೆಯಿಂದ ಬರುವ ಡ್ರೈವರ್‌ಗಳು ಗಾಡಿ ಓಡಿಸುವುದರಲ್ಲಿ ಏನೂ ಕಮ್ಮಿಯಿಲ್ಲ. ಆದರೆ ಹಿರಿಯೂರು, ಚಿತ್ರದುರ್ಗದ ಕಡೆ ದಾರಿ ತಪ್ಪಿದರೆ ಸ್ವಲ್ಪ ಮುಂದೆ ಹೋಗಿ ತಿರುಗಿಸಿಕೊಳ್ಳಬಹುದು. ಇಲ್ಲಿ ಒಂದು ಪಕ್ಕ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಇನ್ನೊಂದು ಪಕ್ಕ ಕಣಿವೆ. ಆ ಲೆಕ್ಕ ಬೇರೆ.

ಮೊದಲು ಗಾಡಿಯ ಎತ್ತರ

"ನಿನ್ನ ಗಾಡಿ ಎಷ್ಟು ಎತ್ತರ ಇದೆ ತಮ್ಮಾ?" ಎಂದು ಕೇಳಿದರೆ "ಹದಿಮೂರು ಅಡಿ ಇರಬಹುದು" ಅನ್ನುತ್ತಾರೆ. ಈ ಇರಬಹುದು ಅನ್ನುವುದು ಸೇತುವೆ ಕೆಳಗೆ ನಡೆಯುವುದಿಲ್ಲ. ಲೋಡ್ ಮುಗಿದು, ಟಾರ್ಪಾಲು ಎಳೆದು, ಹಗ್ಗ ಬಿಗಿದ ಮೇಲೆ ಅಳೆಯಿರಿ. ಗಾಡಿ ಸಮತಟ್ಟಾದ ಜಾಗದಲ್ಲಿ ಇರಬೇಕು. ಲೋಡಿನ ತೀರಾ ಎತ್ತರದ ಜಾಗದ ಮೇಲೆ ಒಂದು ನೆಟ್ಟಗಿನ ಬಿದಿರನ್ನು ಅಡ್ಡ ಇಡಿ, ತುದಿ ಒಂದು ಅಡಿಯಷ್ಟು ಹೊರಗೆ ಚಾಚಿರಲಿ. ಆ ತುದಿಯಿಂದ ನೆಲಕ್ಕೆ ಟೇಪ್ ಬಿಡಿ. ಆಮೇಲೆ ಬಿದಿರನ್ನು ಇನ್ನೊಂದು ಪಕ್ಕಕ್ಕೆ ಸರಿಸಿ ಅಲ್ಲೂ ಅಳೆಯಿರಿ. ಎರಡರಲ್ಲಿ ಜಾಸ್ತಿ ಇದ್ದದ್ದು ನಿಮ್ಮ ಎತ್ತರ. ಅದಕ್ಕೆ ಮೂರು ಇಂಚು ಸೇರಿಸಿ, ಗುಂಡಿಯಲ್ಲಿ ಗಾಡಿ ಕುಣಿಯುತ್ತದಲ್ವಾ, ಅದಕ್ಕೆ.

ಇದನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಮುಂದಿನ ಗಾಜಿನ ಮೇಲ್ಭಾಗದಲ್ಲಿ ಒಳಗಿನಿಂದ ಅಂಟಿಸಿ. ಅಡಿಯಲ್ಲೂ ಬರೆಯಿರಿ, ಮೀಟರಿನಲ್ಲೂ ಬರೆಯಿರಿ. ನಾವು ಮಾತಾಡುವುದು ಅಡಿಯಲ್ಲಿ, ಬೋರ್ಡ್ ಇರುವುದು ಮೀಟರಿನಲ್ಲಿ. ಮಳೆಯಲ್ಲಿ, ಹಿಂದಿನವನು ಹಾರ್ನ್ ಹೊಡೆಯುತ್ತಿರುವಾಗ ಭಾಗಾಕಾರ ಮಾಡುತ್ತಾ ಕೂರಲು ಆಗುವುದಿಲ್ಲ. 3.6 ಮೀಟರ್ ಅಂದರೆ 11 ಅಡಿ 9 ಇಂಚು. 4 ಮೀಟರ್ ಅಂದರೆ 13 ಅಡಿ 1 ಇಂಚು. 4.5 ಮೀಟರ್ ಅಂದರೆ 14 ಅಡಿ 9 ಇಂಚು. ಪಾಯಿಂಟ್ ಆದ ಮೇಲಿನ ಒಂದೊಂದು ಅಂಕಿಗೂ ಸುಮಾರು 4 ಇಂಚು ಎಂದು ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಲೋಡ್ ಇಳಿಸಿದ ಮೇಲೆ ಗಾಡಿ ಎತ್ತರವಾಗುತ್ತದೆ. ಗಾಲಿಯ ಮೇಲಿನ ಸ್ಪ್ರಿಂಗ್ ಪಟ್ಟಿಗಳ ಭಾರ ಹೋಗಿ ಬಾಡಿ ಮೇಲೇಳುತ್ತದೆ. ಕಂಟೇನರ್ ಗಾಡಿಯವರು ಬರುವಾಗ ಆರಾಮಾಗಿ ದಾಟಿದ ಅಂಡರ್‌ಪಾಸಿನಲ್ಲೇ ವಾಪಸ್ ಹೋಗುವಾಗ ಖಾಲಿ ಗಾಡಿ ತಾಗಿಸಿಕೊಳ್ಳುವುದು ಹೀಗೆ. "ಬೆಳಿಗ್ಗೆ ಇದರಲ್ಲೇ ಬಂದೆ ಅಣ್ಣಾ" ಎಂದು ಸೇತುವೆಯನ್ನೇ ಬೈಯುತ್ತಿರುತ್ತಾರೆ. ಖಾಲಿ ಗಾಡಿಯನ್ನೂ ಒಮ್ಮೆ ಅಳೆದಿಡಿ.

ಸೇತುವೆ ಕೆಳಗೆ ನುಗ್ಗುವ ಮುಂಚೆ

ದೊಡ್ಡ ಹೆದ್ದಾರಿಯ ಮೇಲ್ಸೇತುವೆಗಳು ನಮ್ಮನ್ನು ಕಾಡುವುದಿಲ್ಲ. ಕಾಡುವುದು ಹಳಿಯ ಕೆಳಗಿನ ಸಣ್ಣ ಅಂಡರ್‌ಪಾಸ್‌ಗಳು. ರೈಲ್ವೆ ಗೇಟ್ ತೆಗೆದುಹಾಕಿ ಹಳಿಯ ಕೆಳಗೆ ಕಾಂಕ್ರೀಟ್ ಪೆಟ್ಟಿಗೆ ಕೂರಿಸಿರುತ್ತಾರಲ್ಲ, ಅವು. ರೈಲ್ವೆಯವರೇ ಅದಕ್ಕೆ ಕಡಿಮೆ ಎತ್ತರದ ಸಬ್‌ವೇ ಅನ್ನುತ್ತಾರೆ. ಕಾರು, ಟ್ರ್ಯಾಕ್ಟರ್‌ಗೆ ಸಾಕು. ಶಿವಮೊಗ್ಗ–ತಾಳಗುಪ್ಪ ಹಳಿ ದಾಟಿ ಒಳಗಿನ ಯಾವುದೋ ತೋಟಕ್ಕೆ ಗೊಬ್ಬರ ಇಳಿಸಬೇಕು ಅಂದರೆ ಮ್ಯಾಪ್ ಸಲೀಸಾಗಿ ಅಂಥದ್ದರ ಬಾಯಿಗೆ ತಂದು ನಿಲ್ಲಿಸುತ್ತದೆ. ನಿಮ್ಮದು ಕಾರೋ ಟೆನ್ ವೀಲರೋ ಅದಕ್ಕೆ ಹೇಗೆ ಗೊತ್ತಾಗಬೇಕು? ಲೋಡ್ ಕಳಿಸಿದವರ ಹತ್ತಿರ ದಾರಿ ಕೇಳುವಾಗ "ಈ ದಾರಿಯಲ್ಲಿ ಹಿಂದೆ ಲಾರಿ ಬಂದಿದೆಯಾ? ಎಂಥ ಲಾರಿ?" ಎಂದೇ ಕೇಳಿ. "ಗಾಡಿಗಳು ಬರ್ತಾವೆ" ಅನ್ನುವ ಉತ್ತರ ತಗೊಳ್ಳಬೇಡಿ. ಅವರ ಪ್ರಕಾರ ಓಮ್ನಿಯೂ ಗಾಡಿಯೇ.

ಅಂಡರ್‌ಪಾಸ್ ಕಂಡ ತಕ್ಷಣ ಇಳಿಜಾರಿಗೆ ಇಳಿಯಬೇಡಿ. ಮೇಲೆಯೇ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ನಡೆದುಕೊಂಡು ಹೋಗಿ ನೋಡಿ. ಮೊದಲು ಬೋರ್ಡ್. ಆಮೇಲೆ ತಲೆಯೆತ್ತಿ ತೊಲೆಯ ಅಂಚು ನೋಡಿ. ಅಲ್ಲಿ ಗೀರು, ಕಿತ್ತುಹೋದ ಕಾಂಕ್ರೀಟ್, ಬಣ್ಣ ಮೆತ್ತಿದ ಗುರುತು ಇದ್ದರೆ ನಿಮಗಿಂತ ಮುಂಚೆ ಯಾರೋ ಪರೀಕ್ಷೆ ಮಾಡಿ ಹೋಗಿದ್ದಾರೆ ಎಂದರ್ಥ. ಗೀರು ಹಸಿಯಾಗಿ ಬಿಳಿ ಕಂಡರೆ ಇತ್ತೀಚಿನದು. ಗೀರು ಮಧ್ಯದಲ್ಲಿದೆಯೋ ಪಕ್ಕದಲ್ಲಿದೆಯೋ ನೋಡಿ, ತೊಲೆ ಎಲ್ಲಿ ತಗ್ಗಿದೆ ಎಂದು ಅದೇ ಹೇಳುತ್ತದೆ.

ಬೋರ್ಡ್ ಹಾಕಿದ ಮೇಲೆ ರಸ್ತೆಗೆ ಎಷ್ಟು ಸಲ ಡಾಂಬರು ಬಿದ್ದಿದೆಯೋ ಯಾರಿಗೆ ಗೊತ್ತು? ಒಂದೊಂದು ಪದರಕ್ಕೂ ಎತ್ತರ ಕಮ್ಮಿಯಾಗುತ್ತದೆ, ಬೋರ್ಡ್ ಮಾತ್ರ ಹಳೆಯದೇ. ನಿಮ್ಮ ಎತ್ತರ ಬೋರ್ಡಿಗಿಂತ ಅರ್ಧ ಅಡಿಯಾದರೂ ಕಮ್ಮಿ ಇರಲಿ. ಅದಕ್ಕಿಂತ ಹತ್ತಿರ ಬಂದರೆ ಗಳ ಹಿಡಿದು ನೀವೇ ಅಳೆಯಿರಿ. ಉದ್ದದ ಗಾಡಿಗೆ ಇನ್ನೂ ಒಂದು ತೊಂದರೆ ಇದೆ. ಅಂಡರ್‌ಪಾಸ್ ತಗ್ಗಿನಲ್ಲಿದ್ದರೆ ಮುಂದಿನ ಗಾಲಿ ಆಚೆ ಏರಿಗೆ ಹತ್ತಿರುತ್ತದೆ, ಹಿಂದಿನ ಗಾಲಿ ಈಚೆ ಇಳಿಜಾರಿನಲ್ಲೇ ಇರುತ್ತದೆ. ಆಗ ಗಾಡಿಯ ಹೊಟ್ಟೆ ಭಾಗ ಮೇಲಕ್ಕೆ ಎದ್ದು ನಡುವಿನ ಲೋಡ್ ತಾಗುತ್ತದೆ. ಮುಂಭಾಗ ದಾಟಿತು ಎಂದು ಆಕ್ಸಿಲೇಟರ್ ಒತ್ತುವುದು ಅದಕ್ಕೇ ಅಪಾಯ.

ಒಳಗೆ ನೀರು ನಿಂತಿದ್ದರೆ? ಆರಿದ್ರಾ, ಪುನರ್ವಸು ಮಳೆ ಹಿಡಿದ ಮೇಲೆ ಇಂಥ ಕಡೆ ನೀರು ನಿಲ್ಲುವುದು ಮಾಮೂಲು. ಆಳ ಗೊತ್ತಿಲ್ಲದೆ ಇಳಿಯಬೇಡಿ, ಅಷ್ಟೇ.

ಹಳಿ ಗೇಟಿನ ಎರಡೂ ಕಡೆ ಅಡ್ಡ ಕಬ್ಬಿಣದ ಕಂಬಿ ನಿಲ್ಲಿಸಿದ್ದರೆ ಅದು ಮೇಲಿನ ವಿದ್ಯುತ್ ತಂತಿಯಿಂದ ನಿಮ್ಮನ್ನು ಕಾಯುವುದಕ್ಕೆ. ಆ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಬೇಕಾಗಿಯೂ ಇಲ್ಲ, ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ಹುಲ್ಲಿನ ಲೋಡ್ ಕಂಬಿಗೆ ತಾಗುತ್ತಿದೆ ಎಂದು ಕ್ಲೀನರ್ ಹುಡುಗನನ್ನು ಮೇಲೆ ಹತ್ತಿಸಿ ಹುಲ್ಲು ಒತ್ತಿಸಬೇಡಿ.

ಹಳ್ಳಿ ರಸ್ತೆಯ ಕರೆಂಟ್ ತಂತಿಯೂ ಅಷ್ಟೇ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಅಡಿಕೆ ಕೊಯ್ಯುವ ಉದ್ದನೆಯ ಗಳ, ದೋಟಿ ಇರುತ್ತದೆ. ತಂತಿ ಎತ್ತಿಕೊಡುತ್ತೇವೆ ಎಂದು ಪಾಪ, ಸಹಾಯಕ್ಕೆ ಯಾರಾದರೂ ತರುತ್ತಾರೆ. ಬೇಡವೇ ಬೇಡ ಅನ್ನಿ. ಅಲ್ಯುಮಿನಿಯಂ ದೋಟಿಯಲ್ಲಿ ಕರೆಂಟ್ ಹರಿಯುವುದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ, ನೆಂದ ಬಿದಿರಿನಲ್ಲೂ ಹರಿಯುತ್ತದೆ. ಕಪ್ಪಗೆ ದಪ್ಪಗೆ ಇದ್ದರೆ ಟಿ.ವಿ. ಕೇಬಲ್ ಎಂಬ ನಂಬಿಕೆಯೂ ಬೇಡ. ಜೋತುಬಿದ್ದ ತಂತಿ ಕಂಡರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಇಲ್ಲ ಊರಿನ ಲೈನ್‌ಮ್ಯಾನ್‌ನನ್ನು ಕರೆಸಿ.

ಸಿಕ್ಕಿಹಾಕಿಕೊಂಡರೆ

ತಾಗಿದ ಶಬ್ದ ಬಂದ ಕೂಡಲೇ ನಿಲ್ಲಿಸಿ. ಮುಂದಕ್ಕೆ ಎಳೆದರೆ ಆಚೆ ಹೋಗಬಹುದು ಅನ್ನಿಸುತ್ತದೆ, ಹೋಗುವುದಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಬೇಕು. ಹಿಂದಿನ ವಾಹನಗಳನ್ನು ಸರಿಸಲು ಒಬ್ಬರನ್ನು ಕಳಿಸಿ. ಹಿಂದಕ್ಕೂ ಬರದೆ ಕಚ್ಚಿಕೊಂಡಿದ್ದರೆ ಟೈರಿನ ಗಾಳಿ ಬಿಡಿ. ಎಲ್ಲಾ ಟೈರಿನಲ್ಲೂ ಸಮವಾಗಿ, ಸ್ವಲ್ಪ ಸ್ವಲ್ಪ. ಎರಡು ಇಂಚು ಇಳಿದರೂ ಸಾಕಾಗುತ್ತದೆ. ಹೊರಗೆ ಬಂದ ಮೇಲೆ ಅಲ್ಲೇ ನಿಂತು ಗಾಳಿ ತುಂಬಿಸಿಕೊಳ್ಳಿ, ಲೋಡ್ ಇಟ್ಟುಕೊಂಡು ಹಾಗೇ ಊರಿನವರೆಗೆ ಓಡಿಸಿದರೆ ಟೈರ್ ಹರಿಯುತ್ತದೆ. ಏರ್ ಟ್ಯಾಂಕಿನಿಂದ ಗಾಳಿ ತೆಗೆಯುವ ಪೈಪ್ ಟೂಲ್ ಬಾಕ್ಸಿನಲ್ಲಿ ಇರಲಿ. ನಿಧಾನ, ಆದರೆ ಕಾಡಿನ ನಡುವೆ ಪಂಚರ್ ಅಂಗಡಿ ಎಲ್ಲಿಂದ ತರುತ್ತೀರಿ? ಖಾಲಿ ಗಾಡಿ ಸಿಕ್ಕಿಕೊಂಡರೆ ಊರಿನ ಹತ್ತಿಪ್ಪತ್ತು ಜನರನ್ನು ಗಾಡಿಯ ಬಾಡಿ ಮೇಲೆ ಹತ್ತಿಸಿ ಪಟ್ಟಿ ಕೂರಿಸುವ ಹಳೇ ಉಪಾಯವೂ ಇದೆ. ಮೇಲೆ ಕರೆಂಟ್ ತಂತಿ ಇಲ್ಲದ ಕಡೆ ಮಾತ್ರ.

ತಾಗಿದ್ದು ರೈಲ್ವೆ ಸೇತುವೆಗೆ ಆಗಿದ್ದರೆ ಸುಮ್ನೆ ಜಾರಿಕೊಳ್ಳಬೇಡಿ. ಮೇಲೆ ರೈಲು ಓಡುತ್ತದೆ. ಸೇತುವೆ ಮೇಲೆ ಬರೆದಿರುವ ನಂಬರ್ ನೋಡಿಕೊಂಡು ರೈಲ್ವೆ ಸಹಾಯವಾಣಿ 139ಕ್ಕೆ ಹೇಳಿ, ಹತ್ತಿರದ ಗೇಟ್‌ಮ್ಯಾನ್ ಅಥವಾ ಸ್ಟೇಷನ್ ಮಾಸ್ಟರ್‌ಗೂ ಹೇಳಿ. ದಂಡದ ಮಾತು ಆಮೇಲೆ.

ಘಾಟಿ ಬಂದ್ ಆದಾಗ

ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕಾದ ಭಾಗ ಇದು. ಪ್ರತಿ ಘಾಟಿಗೂ ಮುಂಚೆ ಒಂದು ಊರು ಇರುತ್ತದೆ, ಅಲ್ಲಿ ನಿಂತು ಕೇಳಿ, ತಿರುಗಿಸಿ, ಬೇರೆ ದಾರಿ ಹಿಡಿಯಬಹುದು. ಆ ಊರು ದಾಟಿದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಆಗುಂಬೆಗೆ ಆ ಊರು ತೀರ್ಥಹಳ್ಳಿ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಬಸ್ಸೇ ಅಲ್ಲಿ ಮಿನಿ ಬಸ್, ನಿಮ್ಮ ಲಾರಿ ಮಾತು ಎಲ್ಲಿಂದ? ಹೋದ ಮಳೆಗಾಲದಲ್ಲಿ ದಾವಣಗೆರೆ ಕಡೆಯ ಒಬ್ಬ ಹುಡುಗ ಮೆಕ್ಕೆಜೋಳ ತುಂಬಿಕೊಂಡು ಮಂಗಳೂರಿಗೆ ಹೊರಟಿದ್ದ. ಮೇಗರವಳ್ಳಿಯಿಂದ ಫೋನ್ ಮಾಡಿದ. "ಅಣ್ಣಾ, ಮ್ಯಾಪು ಆಗುಂಬೆ ತೋರಿಸ್ತಿದೆ, ಎದುರಿಗೆ ಬಂದ ಕಾರಿನವರು ಹೋಗ್ಬೇಡ ಅಂತಿದಾರೆ. ಯಾರ ಮಾತು ಕೇಳ್ಲಿ?" ಕಾರಿನವರ ಮಾತು ಕೇಳು ಮಾರಾಯ ಎಂದೆ. ಅದೃಷ್ಟಕ್ಕೆ ಮೇಗರವಳ್ಳಿಯಲ್ಲಿ ತಿರುಗಿಸಿಕೊಳ್ಳುವಷ್ಟು ಜಾಗ ಸಿಕ್ಕಿತು. ವಾಪಸ್ ತೀರ್ಥಹಳ್ಳಿಗೆ ಬಂದು, ಯಡೂರು, ಮಾಸ್ತಿಕಟ್ಟೆ ಮೇಲೆ ಹುಲಿಕಲ್ ಇಳಿದ.

ಹುಲಿಕಲ್‌ಗೆ ಕೊನೆಯ ಊರು ಮಾಸ್ತಿಕಟ್ಟೆ. ಲಾರಿಗಳು ಹೆಚ್ಚಾಗಿ ಬಳಸುವ ಘಾಟಿ ಇದು, ಕೆಳಗೆ ಹೊಸಂಗಡಿ, ಸಿದ್ದಾಪುರ ದಾಟಿ ಕುಂದಾಪುರಕ್ಕೆ ಹೋಗುತ್ತದೆ. ಮಳೆ ಜೋರಾದರೆ ಇಲ್ಲೂ ಭಾರಿ ವಾಹನ ನಿಲ್ಲಿಸುತ್ತಾರೆ. ಆಗ ನಗರ, ಕೊಲ್ಲೂರು ಕಡೆಗೆ ತಿರುಗಿಸುವುದುಂಟು. ಹೊನ್ನಾವರದ ದಾರಿಗೆ ತಾಳಗುಪ್ಪದಲ್ಲೇ ವಿಚಾರಿಸಿ. ಗೇರುಸೊಪ್ಪೆಗೆ ಇಳಿಯುವ ಮಾಲೆಮನೆ ಘಾಟಿಯ ಕಡೆ ಹೋದ ಮೇಲೆ ಜಾಗ ಹುಡುಕಬೇಡಿ. ಯಾವುದೂ ಆಗದಿದ್ದರೆ ಶಿರಸಿ, ಯಲ್ಲಾಪುರ ಮೇಲೆ ಅರಬೈಲ್ ಘಾಟಿಯಲ್ಲಿ ಅಂಕೋಲಾ, ಇಲ್ಲ ಹಾಸನ ಸುತ್ತಿ ಶಿರಾಡಿ. ಎರಡೂ ದೂರ, ಆದರೆ ದೊಡ್ಡ ಗಾಡಿಗಳು ಓಡಾಡುವ ದಾರಿಗಳು. ಹೊರಡುವ ಮುಂಚೆ ಅಲ್ಲಿಯ ಸ್ಥಿತಿಯನ್ನೂ ಕೇಳಿಕೊಳ್ಳಿ.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಹೊಸದೊಂದು ಆಸೆ ಶುರುವಾಗಿದೆ. ಮೊದಲು ಲಾಂಚ್‌ನಲ್ಲಿ ದಾಟುತ್ತಿದ್ದ ಶರಾವತಿ ಹಿನ್ನೀರಿಗೆ ಈಗ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಇದೆ. ನೋಡಲು ಬಹಳ ಚೆಂದ. ಸಾಗರದಿಂದ ಕೊಲ್ಲೂರಿಗೆ ಹತ್ತಿರ ಎಂದು ಮ್ಯಾಪ್ ಅದನ್ನೇ ತೋರಿಸಬಹುದು. ಸೇತುವೆಯ ಅಗಲ ನೋಡಿ ಮುಂದಿನ ರಸ್ತೆಯನ್ನು ಅಳೆಯಬೇಡಿ. ಲೋಡ್ ಗಾಡಿ ಹಾಕುವ ಮುಂಚೆ ಆ ಕಡೆ ದಿನಾ ಓಡಾಡುವವರನ್ನು ಕೇಳಿ.

ಬಂದ್ ಮಾಡುವ ಆದೇಶ ಜಿಲ್ಲಾಧಿಕಾರಿ ಕಚೇರಿಯಿಂದ ಬರುತ್ತದೆ, ಮೋಟಾರು ವಾಹನ ಕಾಯ್ದೆ 1988ರ ಕಲಂ 115ರ ಕೆಳಗೆ. ವಾಟ್ಸಾಪಿನಲ್ಲಿ ಓಡಾಡುವ ಅದರ ಫೋಟೋದ ಮೊದಲ ಸಾಲು ಓದಿ ಬಿಡಬೇಡಿ. ಮೊದಲು ತಾರೀಕು ನೋಡಿ, ಹಳೇ ವರ್ಷದ ಆದೇಶಗಳು ಪ್ರತಿ ಜುಲೈನಲ್ಲೂ ಮತ್ತೆ ಸುತ್ತು ಹೊಡೆಯುತ್ತವೆ. ಬದಲಿ ದಾರಿ ಲಘು ವಾಹನಕ್ಕೆ ಒಂದು, ಭಾರಿ ವಾಹನಕ್ಕೆ ಇನ್ನೊಂದು ಇರುತ್ತದೆ, ನಿಮ್ಮದನ್ನು ಹುಡುಕಿ. ಆಗುಂಬೆ, ಹುಲಿಕಲ್ ಎರಡಕ್ಕೂ ತಲೆ ಶಿವಮೊಗ್ಗ ಜಿಲ್ಲೆಯಲ್ಲಿ, ಕಾಲು ಉಡುಪಿ ಜಿಲ್ಲೆಯಲ್ಲಿ. ಮೇಲಿನವರು ಬಿಟ್ಟಿದ್ದಾರೆ ಎಂದರೆ ಕೆಳಗಿನವರೂ ಬಿಟ್ಟಿದ್ದಾರೆ ಎಂದಲ್ಲ. ಎರಡೂ ಕಡೆ ವಿಚಾರಿಸಿ.

ಊರಿನ ಹೆಸರಲ್ಲೂ ಎಡವುತ್ತಾರೆ. ನಮ್ಮ ಈ ದಾರಿಗಳಲ್ಲೇ ಸಿದ್ದಾಪುರ ಎರಡಿವೆ. ಹುಲಿಕಲ್ ಕೆಳಗಿನದು ಕುಂದಾಪುರದ ಕಡೆಯದು, ತಾಳಗುಪ್ಪದ ಆಚೆಯದು ಉತ್ತರ ಕನ್ನಡದ್ದು. ಮ್ಯಾಪಿನಲ್ಲಿ ಸಿದ್ದಾಪುರ ಎಂದು ಒತ್ತಿ ತಪ್ಪು ದಿಕ್ಕಿಗೆ ಹೊರಟವರನ್ನು ಸಾಗರದಿಂದ ವಾಪಸ್ ಕರೆಸಿದ್ದುಂಟು. ಹೊಸನಗರ ಬೇರೆ, ನಗರ ಬೇರೆ. ಪಕ್ಕದ ದೊಡ್ಡ ಊರಿನ ಹೆಸರು ಸೇರಿಸಿ ಕೇಳಿ. ಮ್ಯಾಪನ್ನು ಶಿವಮೊಗ್ಗದಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಮಾಸ್ತಿಕಟ್ಟೆ, ನಗರದ ಕಡೆ ಕಾಡಿನಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ.

ಬದಲಿ ದಾರಿಯಲ್ಲಿ

ಸಣ್ಣ ರಸ್ತೆಯಲ್ಲಿ ಎದುರಿಗೆ ಕಾರು ಬಂದರೆ ದೊಡ್ಡ ಮನಸ್ಸು ಮಾಡಿ ಎಡಗಾಲಿ ಕೆಳಗಿಳಿಸಬೇಡಿ. ಮಳೆಗಾಲದಲ್ಲಿ ಡಾಂಬರಿನ ಅಂಚಿನ ಮಣ್ಣು ನೋಡಲು ಗಟ್ಟಿ, ಒಳಗೆ ಬೆಣ್ಣೆ. ಹುಲ್ಲು ಮುಚ್ಚಿದ ಚರಂಡಿ ಬೇರೆ. ಟೆನ್ ವೀಲರ್ ಪೂರ್ತಿ ಲೋಡಿಗೆ 28.5 ಟನ್ ತೂಗುತ್ತದೆ, ಒಮ್ಮೆ ವಾಲಿದರೆ ಕ್ರೇನ್ ಬೇಕು. ನೀವು ಡಾಂಬರಿನ ಮೇಲೇ ನಿಂತು ಕಾರಿನವರಿಗೆ ಕೈ ಮಾಡಿ, ಅವರು ಸರಿಯುತ್ತಾರೆ. ಏರಿನಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಎಂಬುದು ನಿಯಮ, ಇಳಿಯುವವರು ನೀವಾದರೆ ಅಗಲ ಇರುವ ಕಡೆ ಮೊದಲೇ ನಿಂತು ಕಾಯಿರಿ.

ಮೋರಿಗಳ ಮೇಲೆ, ಅಂದರೆ ಹಳ್ಳ ದಾಟಿಸುವ ಸಣ್ಣ ಸೇತುವೆಗಳ ಮೇಲೆ, ಕಣ್ಣಿರಲಿ. ತೂಕದ ಬೋರ್ಡ್ ಇದ್ದರೆ ಅದು ನಿಮಗೇ ಬರೆದದ್ದು. ಬೋರ್ಡ್ ಇಲ್ಲದ ಹಳೇ ಮೋರಿಯ ಮೇಲೆ ರಸ್ತೆ ಕುಗ್ಗಿದ್ದರೆ, ತಡೆಗೋಡೆ ಹಳ್ಳದ ಕಡೆ ವಾಲಿದ್ದರೆ ಇಳಿದು ಕೆಳಗಿನಿಂದ ನೋಡಿ.

ಧರೆ ಪಕ್ಕ ಗಾಡಿ ನಿಲ್ಲಿಸಬೇಡಿ. ಊಟಕ್ಕೂ ಬೇಡ, ನಿದ್ದೆಗೂ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಅದು ಕಾಡಿನ ಸಣ್ಣ ರಸ್ತೆಯಲ್ಲ, ರಾಷ್ಟ್ರೀಯ ಹೆದ್ದಾರಿ 66. ಅಲ್ಲಿದ್ದ ಒಂದು ಲಾರಿ ಗಂಗಾವಳಿ ಹೊಳೆಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ, ಒಳಗೆ ಡ್ರೈವರ್ ಇದ್ದ. ಧರೆಯಿಂದ ಸಣ್ಣ ಕಲ್ಲು ಉದುರುತ್ತಿದ್ದರೆ, ತಿಳಿಯಾಗಿ ಇಳಿಯುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮರಗಳು ರಸ್ತೆ ಕಡೆ ಹೊಸದಾಗಿ ವಾಲಿದ್ದರೆ ಅಲ್ಲಿಂದ ಹೊರಡಿ. ಮಲಗುವುದಾದರೆ ಪೆಟ್ರೋಲ್ ಬಂಕ್, ಊರಿನ ಬಸ್ ಸ್ಟ್ಯಾಂಡ್ ಹತ್ತಿರದ ಬಯಲು ನೋಡಿ.

ಹಿಂದಕ್ಕೆ ತೆಗೆಯಬೇಕಾದರೆ ಒಬ್ಬರು ಇಳಿಯಲೇಬೇಕು. ಈಗ ಕ್ಲೀನರ್ ಇಲ್ಲದೆ ಒಬ್ಬರೇ ಬರುವವರು ಜಾಸ್ತಿ. ಅಲ್ಲಿದ್ದವರಲ್ಲಿ ಯಾರನ್ನಾದರೂ ಕರೆಯಿರಿ, ಆದರೆ "ಬರ್ಲಿ ಬರ್ಲಿ" ಎಂದು ಕೂಗುವುದು ಮಳೆ ಶಬ್ದದಲ್ಲಿ ಕೇಳುವುದಿಲ್ಲ. ಗಾಡಿಯ ಬಾಡಿಯನ್ನು ಎರಡು ಸಲ ತಟ್ಟಿದರೆ ಬಾ, ಒಂದು ಸಲ ತಟ್ಟಿದರೆ ನಿಲ್ಲು ಎಂದು ಮೊದಲೇ ಹೇಳಿಕೊಡಿ. ಅವರು ಕನ್ನಡಿಯಲ್ಲಿ ಕಾಣುತ್ತಿರಬೇಕು, ಗಾಡಿ ಹಿಂದೆ ನಿಲ್ಲಬಾರದು.

ಊರೊಳಗಿನ ಬದಲಿ ದಾರಿಯ ಬಗ್ಗೆಯೂ ಒಂದು ಮಾತು. ಶಿವಮೊಗ್ಗದಲ್ಲಿ ಗಣಪತಿ ಮೆರವಣಿಗೆ, ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬಾ ಜಾತ್ರೆ, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ. ಆ ದಿನಗಳಲ್ಲಿ ಊರ ನಡುವಿನ ಬಿ.ಎಚ್. ರಸ್ತೆ ನಂಬಿ ಬರಬೇಡಿ. ಪೊಲೀಸರು ಗಲ್ಲಿಗೆ ತಿರುಗಿಸಿದರೆ ಅಲ್ಲಿ ಸ್ವಾಗತ ಕಮಾನು, ಲೈಟಿನ ಸರ, ಪೆಂಡಾಲ್ ಎಲ್ಲಾ ಗಿಡ್ಡ. ಊರಿನ ಹೊರಗೇ ನಿಂತು ರಾತ್ರಿ ಕಳೆದ ಮೇಲೆ ಬನ್ನಿ.

ಕೊನೆಗೆ ಕಾಗದಪತ್ರ. ಸುತ್ತು ದಾರಿಯಾದರೆ ಈ-ವೇ ಬಿಲ್, ಅಂದರೆ ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ, ಅದರ ದಿನ ಮುಗಿದುಹೋಗುತ್ತದೆ. ಮಾಮೂಲಿ ಲೋಡಿಗೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಅವಧಿ ಮುಗಿಯುವ 8 ಗಂಟೆ ಮುಂಚೆಯಿಂದ ಮುಗಿದ 8 ಗಂಟೆ ನಂತರದವರೆಗೆ ವಿಸ್ತರಿಸಿಕೊಳ್ಳಬಹುದು, ಆಫೀಸಿಗೆ ಹೇಳಿದರೆ ಕೂತಲ್ಲೇ ಮಾಡಿಕೊಡುತ್ತಾರೆ. ಬಂದ್ ಬೋರ್ಡಿನ ಫೋಟೋ, ಬ್ಯಾರಿಕೇಡಿನ ಫೋಟೋ, ಅದರ ಪಕ್ಕ ನಿಮ್ಮ ಗಾಡಿ ನಂಬರ್ ಕಾಣುವ ಹಾಗೆ ತೆಗೆದು ಕಳಿಸಿ. ಸುತ್ತು ದಾರಿಗೆ ಹೊರಡುವ ಮುಂಚೆಯೇ ಓನರ್‌ಗೆ ಫೋನ್ ಮಾಡಿ, ಹೆಚ್ಚಿನ ಡೀಸೆಲ್ ಎಷ್ಟು, ಬತ್ತಾ ಎಷ್ಟು ಎಂದು ಮಾತಾಡಿಕೊಳ್ಳಿ. ಲೋಡ್ ಇಳಿಸಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.